ಕಾರಿಗೆ ಜಿಪಿಎಸ್ ನ್ಯಾವಿಗೇಟರ್ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಂದು ರಾತ್ರಿ ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದೆ. ಫೋನಿನಲ್ಲಿ ಮ್ಯಾಪ್ ಹಾಕಿಕೊಂಡಿದ್ದೆ. ಒಂದು ಕವಲಿನಲ್ಲಿ ಎಡಕ್ಕೆ ತಿರುಗಬೇಕಿತ್ತು. ಎದುರಿಗೆ ಬಂದ ಲಾರಿಯ ಲೈಟಿಗೆ ಕಣ್ಣು ಕುಕ್ಕಿತು, ನೇರ ಹೋಗಿಬಿಟ್ಟೆ. ಫೋನ್ ಹೊಸ ದಾರಿ ಹುಡುಕಲು ಶುರು ಮಾಡಿತು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಸ್ಕ್ರೀನಿನ ಮೇಲೆ ನೀಲಿ ಚುಕ್ಕಿ ಮಾತ್ರ ನನ್ನ ಜೊತೆ ಸರಿಯಾಗಿಯೇ ಚಲಿಸುತ್ತಿತ್ತು. ಅದರ ಸುತ್ತ ಒಂದು ಗೆರೆಯೂ ಇಲ್ಲ, ಬರೀ ಬೂದು ಬಣ್ಣ. ನಾನು ಎಲ್ಲಿದ್ದೇನೆ ಅಂತ ಫೋನಿಗೆ ಗೊತ್ತಿತ್ತು. ಅಲ್ಲಿಂದ ಯಾವ ಕಡೆ ಹೋಗಬೇಕು ಅಂತ ಗೊತ್ತಿರಲಿಲ್ಲ.

ಕಾರಿಗೆ ಜಿಪಿಎಸ್ ಕೊಳ್ಳುತ್ತೇನೆ ಅಂದವರಿಗೆಲ್ಲ ನಾನು ಮೊದಲು ಹೇಳುವುದು ಈ ಬೂದು ಸ್ಕ್ರೀನಿನ ವಿಷಯ. ಉಪಗ್ರಹದಿಂದ ಸಿಗುವುದು ನೀವಿರುವ ಜಾಗ ಅಷ್ಟೇ. ರಸ್ತೆ, ತಿರುವು, ಒನ್‌ವೇ, ಫ್ಲೈಓವರ್ ಎಲ್ಲವೂ ಬರುವುದು ಮ್ಯಾಪಿನಿಂದ. ಕೊಳ್ಳುವಾಗ ನಾವು ಸ್ಕ್ರೀನ್ ಎಷ್ಟು ದೊಡ್ಡದಿದೆ, ಕೈಯಲ್ಲಿ ಹಿಡಿದರೆ ಹೇಗಿದೆ ಅಂತ ನೋಡುತ್ತೇವೆ. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಎರಡು: ಒಳಗಿರುವ ಮ್ಯಾಪ್, ಮತ್ತು ನೀವು ತಿರುವು ತಪ್ಪಿಸಿಕೊಂಡಾಗ ಅದು ಏನು ಮಾಡುತ್ತದೆ ಅನ್ನುವುದು. ಹಾಗಾಗಿ ಈ ಬರಹದಲ್ಲೂ ಆ ಎರಡಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಬೇರೆ ಸಾಧನ ನಿಜವಾಗಿ ಬೇಕಾ?

ಜೇಬಿನಲ್ಲಿ ಫೋನ್ ಇದೆ, ಅದರಲ್ಲಿ ಮ್ಯಾಪ್ ಇದೆ. ಇನ್ನೊಂದು ಯಾಕೆ? 2009ರಲ್ಲಿ ಗೂಗಲ್ ತನ್ನ ಮ್ಯಾಪಿನಲ್ಲಿ ಪ್ರತಿ ತಿರುವಿನಲ್ಲೂ ದಾರಿ ಹೇಳುವ ಸೌಲಭ್ಯವನ್ನು ಆಂಡ್ರಾಯ್ಡ್ ಫೋನುಗಳಿಗೆ ಉಚಿತವಾಗಿ ಕೊಟ್ಟಿತು. ಅವತ್ತಿನಿಂದ ಎಲ್ಲರೂ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ನಿಮ್ಮ ಓಡಾಟ ಹೆಚ್ಚಾಗಿ ನಗರದ ಒಳಗೇ ಇದ್ದರೆ ಫೋನೇ ಸಾಕು. ಮುಂದೆ ಎಲ್ಲಿ ಟ್ರಾಫಿಕ್ ಕಟ್ಟಿಕೊಂಡಿದೆ ಅಂತ ಹೇಳುವುದರಲ್ಲಿ ಫೋನ್ ಚುರುಕು. ಬೇರೆ ಸಾಧನ ಕೊಳ್ಳುವ ಮುಂಚೆ ಇನ್ನೊಂದು ಕೆಲಸ ಮಾಡಿ. ಫೋನಿಗೇ ಮ್ಯಾಪ್ ಇಳಿಸಿಕೊಂಡು ಒಂದು ಪ್ರಯಾಣ ಮಾಡಿ ನೋಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. 2004ರಲ್ಲಿ ಶುರುವಾದ, ಜನರೇ ಸೇರಿ ಮಾಡುವ ಉಚಿತ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ಬಳಸುವ ಓಎಸ್‌ಎಂಆ್ಯಂಡ್, ಆರ್ಗಾನಿಕ್ ಮ್ಯಾಪ್ಸ್ ಥರದ ಆ್ಯಪ್‌ಗಳು ನೆಟ್‌ವರ್ಕ್ ಇಲ್ಲದೆಯೂ ಹೊಸ ದಾರಿ ಹುಡುಕಿ ಕೊಡುತ್ತವೆ. ಆ ರಾತ್ರಿ ನಾನು ಇಷ್ಟು ಮಾಡಿದ್ದರೂ ಸಾಕಿತ್ತು.

ಇಷ್ಟಾದರೂ ಬೇರೆ ಸಾಧನವೇ ವಾಸಿ ಅನ್ನಿಸುವ ಸಂದರ್ಭಗಳಿವೆ. ಬಿಸಿಲಿನಲ್ಲಿ ಗಾಜಿನ ಹತ್ತಿರ ಇಟ್ಟ ಫೋನ್, ಸ್ಕ್ರೀನ್ ಪೂರ್ತಿ ಬೆಳಗಿಸಿಕೊಂಡು ಚಾರ್ಜೂ ಆಗುತ್ತಿದ್ದರೆ, ಕಾದು ತಾನಾಗಿಯೇ ಮಂಕಾಗುತ್ತದೆ. ತಿರುವು ಹತ್ತಿರ ಬಂದಾಗಲೇ ಯಾರದೋ ಕರೆ ಬಂದು ಮ್ಯಾಪ್ ಮುಚ್ಚಿಹೋಗುತ್ತದೆ. ಒಂದೇ ಕಾರನ್ನು ಮನೆಯಲ್ಲಿ ಮೂರು ಜನ ಓಡಿಸುತ್ತಿದ್ದರೆ, ಯಾರ ಫೋನ್ ಇದ್ದರೂ ಇಲ್ಲದಿದ್ದರೂ ದಾರಿ ಹೇಳುವ ಒಂದು ವಸ್ತು ಕಾರಿನಲ್ಲೇ ಇರುವುದು ಅನುಕೂಲ. ನೆಟ್‌ವರ್ಕ್ ಸಿಗದ ಕಡೆ ಪದೇ ಪದೇ ಹೋಗುವವರಿಗಂತೂ ಇದು ಇನ್ನೂ ಅನುಕೂಲ.

2. ನೀವು ಓಡಾಡುವ ದಾರಿಗಳನ್ನು ಬರೆದಿಟ್ಟುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಕಳೆದ ಒಂದು ವರ್ಷದಲ್ಲಿ ದಾರಿ ಗೊತ್ತಿಲ್ಲದೆ ಮಾಡಿದ ಪ್ರಯಾಣಗಳನ್ನು ಬರೆಯಿರಿ. ಹೆದ್ದಾರಿ ಎಷ್ಟು, ಹಳ್ಳಿ ರಸ್ತೆ ಎಷ್ಟು, ಗಡಿ ದಾಟಿ ಬೇರೆ ದೇಶಕ್ಕೆ ಹೋಗಿದ್ದು ಎಷ್ಟು ಸಲ. ಸುಮ್ನೆ ಮನಸ್ಸಿನಲ್ಲಿ ಅಂದುಕೊಂಡರೆ ನಾವು ಮಾಡದ ಪ್ರಯಾಣಗಳೇ ಜಾಸ್ತಿ ನೆನಪಾಗುತ್ತವೆ. ಬರೆದರೆ ನಿಜ ಗೊತ್ತಾಗುತ್ತದೆ.

ಕಾರಿನ ಹಿಂದೆ ದೊಡ್ಡ ಟ್ರೇಲರ್ ಕಟ್ಟುವವರು, ಕ್ಯಾರವಾನ್ ಅಥವಾ ಟ್ರಕ್ ಓಡಿಸುವವರು ಇಲ್ಲೇ ಒಂದು ನಿರ್ಧಾರ ಮಾಡಬೇಕು. ಕಾರಿನ ಸಾಧನಕ್ಕೆ ನಿಮ್ಮ ವಾಹನದ ಎತ್ತರ ಗೊತ್ತಿರುವುದಿಲ್ಲ. ಅದು ತಗ್ಗಿನ ರೈಲ್ವೆ ಸೇತುವೆಯ ಕೆಳಗೆ, ಭಾರ ತಡೆಯದ ಕಿರು ಸೇತುವೆಯ ಮೇಲೆ ಯಾವ ಹಿಂಜರಿಕೆಯೂ ಇಲ್ಲದೆ ಕಳಿಸುತ್ತದೆ. ಎತ್ತರ, ಅಗಲ, ತೂಕ ತುಂಬಿಸಿ ದಾರಿ ಹುಡುಕುವ ಬೇರೆಯದೇ ಮಾದರಿಗಳಿವೆ. ಜಿಪಿಎಸ್ ಸಾಧನ ಮಾಡುವ ಗಾರ್ಮಿನ್ ಕಂಪನಿಯ ಡೀಝಲ್ (dēzl) ಸರಣಿ ಅಂಥದ್ದು. ಉಳಿದವರಿಗೆ ಅದು ಬೇಡ.

3. ಮ್ಯಾಪ್: ಇಲ್ಲಿ ಅವಸರ ಮಾಡಬೇಡಿ

ಸಾಧನದ ಮೇಲಿರುವ ಹೆಸರು ಒಂದು, ಒಳಗಿನ ಮ್ಯಾಪ್ ಮಾಡಿದವರು ಇನ್ನೊಬ್ಬರು ಆಗಿರಬಹುದು. ಕಾರಿನ ಮ್ಯಾಪ್ ಮಾಡುವವರಲ್ಲಿ ಎರಡು ದೊಡ್ಡ ಹೆಸರುಗಳಿವೆ. ಒಂದು ಹಿಯರ್. ಮೊದಲು ಇದು ನ್ಯಾವ್‌ಟೆಕ್ ಆಗಿತ್ತು. 2008ರಲ್ಲಿ ನೋಕಿಯಾ ಕೊಂಡುಕೊಂಡಿತು, 2015ರಲ್ಲಿ ಆಡಿ, ಬಿಎಂಡಬ್ಲ್ಯು, ಡೈಮ್ಲರ್ ಮೂರೂ ಸೇರಿ ತೆಗೆದುಕೊಂಡವು. ಇನ್ನೊಂದು ಟಾಮ್‌ಟಾಮ್. ಇದು 2008ರಲ್ಲಿ ಟೆಲಿ ಅಟ್ಲಾಸ್ ಎಂಬ ಮ್ಯಾಪ್ ಕಂಪನಿಯನ್ನು ಕೊಂಡು, ತನ್ನ ಸಾಧನಗಳಿಗೆ ತನ್ನದೇ ಮ್ಯಾಪ್ ಬಳಸುತ್ತದೆ. ಗಾರ್ಮಿನ್‌ನ ಕಾರಿನ ಸಾಧನಗಳಲ್ಲಿ ಬಹಳ ಕಡೆ ಹಿಯರ್ ಮ್ಯಾಪ್ ಇರುತ್ತದೆ. ಇದು ಯಾಕೆ ಮುಖ್ಯ ಅಂದರೆ, ನೀವು ಓಡಾಡುವ ಪ್ರದೇಶದಲ್ಲಿ ಯಾರ ಮ್ಯಾಪ್ ಚೆನ್ನಾಗಿದೆ ಅಂತ ತಿಳಿದರೆ ಅರ್ಧ ಆಯ್ಕೆ ಆದಂತೆಯೇ.

ತಿಳಿಯುವುದು ಹೇಗೆ? ನನ್ನ ಹತ್ತಿರ ಒಂದು ಸರಳ ಪರೀಕ್ಷೆ ಇದೆ. ಐದು ವಿಳಾಸ ಬರೆದುಕೊಂಡು ಹೋಗಿ. ಒಂದು, ಮನೆ ನಂಬರ್ ಸಮೇತ ನಿಮಗೆ ಚೆನ್ನಾಗಿ ಗೊತ್ತಿರುವ ವಿಳಾಸ. ಎರಡು, ದೊಡ್ಡ ರಸ್ತೆಯಿಂದ ದೂರ ಇರುವ ಒಂದು ಸಣ್ಣ ಊರಿನ ಒಳರಸ್ತೆ. ಮೂರು, ಕಳೆದ ಒಂದೆರಡು ವರ್ಷದಲ್ಲಿ ತೆರೆದ ಹೊಸ ರಸ್ತೆ ಅಥವಾ ಫ್ಲೈಓವರ್. ನಾಲ್ಕು, ಇತ್ತೀಚೆಗೆ ಒನ್‌ವೇ ಆದ ಬೀದಿ. ಐದು, ಜನ ಒಂದು ಹೆಸರಿನಿಂದ ಕರೆಯುವ, ಕಾಗದದಲ್ಲಿ ಇನ್ನೊಂದು ಹೆಸರಿರುವ ಜಾಗ. ಈ ಐದನ್ನೂ ಸಾಧನದಲ್ಲಿ ಹುಡುಕಿ, ದಾರಿ ಕೇಳಿ, ಅದು ಎಳೆದ ಗೆರೆಯನ್ನು ದೊಡ್ಡದು ಮಾಡಿ ನೋಡಿ. ಮೊದಲನೆಯದನ್ನು ಎಲ್ಲವೂ ಹುಡುಕಿಬಿಡುತ್ತವೆ. ಮೂರು ಮತ್ತು ನಾಲ್ಕು ಮ್ಯಾಪ್ ಎಷ್ಟು ಹಳೆಯದು ಅಂತ ಹೇಳುತ್ತವೆ. ಎರಡು ಅದು ಎಷ್ಟು ಆಳಕ್ಕೆ ಇಳಿದಿದೆ ಅಂತ ಹೇಳುತ್ತದೆ. ಐದನೆಯದು ಹುಡುಕಾಟ ಎಷ್ಟು ಜಾಣತನದ್ದು ಅಂತ ತೋರಿಸುತ್ತದೆ.

ಡಬ್ಬಿಯ ಮೇಲೆ ಇಷ್ಟು ದೇಶಗಳ ಮ್ಯಾಪ್ ಇದೆ ಅಂತ ಬರೆದಿದ್ದರೆ ಪಟ್ಟಿಯನ್ನು ಪೂರ್ತಿ ಓದಿ. ಕೆಲವು ದೇಶಗಳಿಗೆ ಬೀದಿ ಬೀದಿಯ ವಿವರ ಇರುತ್ತದೆ, ಕೆಲವಕ್ಕೆ ಮುಖ್ಯ ರಸ್ತೆ ಮಾತ್ರ. ಎರಡೂ ಒಂದೇ ಪಟ್ಟಿಯಲ್ಲಿ ಇರಬಹುದು.

ಇನ್ನು ಅಪ್‌ಡೇಟ್. ಮ್ಯಾಪ್ ಅನ್ನುವುದು ಹಾಲಿನ ಹಾಗೆ, ಇಟ್ಟಷ್ಟೂ ಹಳಸುತ್ತದೆ. 'ಲೈಫ್‌ಟೈಮ್ ಮ್ಯಾಪ್' ಅಂತ ಬರೆದಿರುವುದನ್ನು ನಿಮ್ಮ ಜೀವಮಾನ ಅಂತ ಓದಬೇಡಿ. ಆ ಸಾಧನದ ಆಯಸ್ಸು ಅಂತ ಓದಿ. ಕಂಪನಿ ಆ ಮಾದರಿಗೆ ಬೆಂಬಲ ನಿಲ್ಲಿಸಿದ ದಿನ ಆ ಮಾತು ಮುಗಿಯುತ್ತದೆ. ಹಾಗಾಗಿ ಮಾರುಕಟ್ಟೆಗೆ ಬಂದು ಬಹಳ ವರ್ಷ ಆಗಿರುವ ಮಾದರಿ ಕಡಿಮೆಗೆ ಸಿಕ್ಕರೆ, ಅದು ಯಾವಾಗ ಬಂದದ್ದು ಅಂತ ಮೊದಲು ಕೇಳಿ.

ಅಪ್‌ಡೇಟ್ ಹೇಗೆ ಮಾಡುವುದು ಅನ್ನುವುದನ್ನೂ ಕೇಳಿ. ಹಳೆಯ ಮಾದರಿಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಲೇಬೇಕು. ಹೊಸವು ಮನೆಯ ವೈಫೈಯಲ್ಲಿ ತಾವೇ ಇಳಿಸಿಕೊಳ್ಳುತ್ತವೆ. ಈ ಒಂದು ವ್ಯತ್ಯಾಸಕ್ಕೆ ನಾನು ಸ್ವಲ್ಪ ಜಾಸ್ತಿ ಕೊಡಲೂ ತಯಾರು. ಕಂಪ್ಯೂಟರಿಗೆ ಜೋಡಿಸಬೇಕು ಅಂದರೆ ಇವತ್ತು ನಾಳೆ ಅಂತ ಮುಂದೂಡುತ್ತೇವೆ, ಎರಡು ವರ್ಷ ಕಳೆದಿರುತ್ತದೆ. ಮ್ಯಾಪ್ ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತದೆ ಅನ್ನುವುದೂ ನೆನಪಿರಲಿ. ಒಳಗಿನ ಜಾಗ ತುಂಬಿದರೆ ಪೂರ್ತಿ ಮ್ಯಾಪ್ ಹಿಡಿಸದೆ ತುಂಡು ತುಂಡು ಹಾಕಬೇಕಾಗುತ್ತದೆ. ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಈ ತಲೆನೋವಿಲ್ಲ.

4. ಸಿಗ್ನಲ್ ಹಿಡಿಯುವ ಶಕ್ತಿ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತನ್ನ ಪರಮಾಣು ಗಡಿಯಾರದ ಸಮಯವನ್ನು ಕಳಿಸುತ್ತಲೇ ಇರುತ್ತದೆ. ಆ ಸಂಕೇತ ತಲುಪಲು ಎಷ್ಟು ಹೊತ್ತಾಯಿತು ಅಂತ ಲೆಕ್ಕ ಹಾಕಿ ನಿಮ್ಮ ಸಾಧನ ದೂರ ಕಂಡುಹಿಡಿಯುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ! ಸಾಧನದೊಳಗಿನ ಸಾಮಾನ್ಯ ಗಡಿಯಾರದ ತಪ್ಪನ್ನೂ ಸರಿಪಡಿಸಿಕೊಳ್ಳಬೇಕಾದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಇಷ್ಟಕ್ಕೆಲ್ಲ ಇಂಟರ್‌ನೆಟ್ ಬೇಕಿಲ್ಲ, ಬರೀ ಕೇಳಿಸಿಕೊಂಡರೆ ಸಾಕು. ಬಹಳ ಜನ ಇದನ್ನು ತಪ್ಪಾಗಿ ತಿಳಿದಿರುತ್ತಾರೆ.

ಅಮೆರಿಕದ ಸೇನೆ ನಾಗರಿಕರ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿದ್ದ ಕಾಲವೂ ಇತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಅದಕ್ಕೂ ಮುಂಚೆ ನೂರು ಮೀಟರಿನವರೆಗೂ ತಪ್ಪಾಗಬಹುದಿತ್ತು. ನೂರು ಮೀಟರ್ ತಪ್ಪಿದರೆ ನೀವು ಯಾವ ಬೀದಿಯಲ್ಲಿದ್ದೀರಿ ಅಂತಲೇ ಹೇಳಲಾಗುವುದಿಲ್ಲ, ಅಲ್ವಾ? ಈಗ ಆಕಾಶ ತೆರೆದಿರುವ ಕಡೆ ಸಾಮಾನ್ಯ ಫೋನ್ ಕೂಡ ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ.

ತೊಂದರೆ ಬರುವುದು ಎತ್ತರದ ಕಟ್ಟಡಗಳ ಮಧ್ಯೆ, ಆಳದ ಕಣಿವೆಯಲ್ಲಿ, ದಟ್ಟ ಮರಗಳ ಕೆಳಗೆ. ಸಂಕೇತ ಗೋಡೆಗೆ ಬಡಿದು ಸುತ್ತಿ ಬಂದರೆ ದೂರ ಜಾಸ್ತಿ ಅಂತ ಲೆಕ್ಕವಾಗಿ, ಸಾಧನ ನಿಮ್ಮನ್ನು ಪಕ್ಕದ ರಸ್ತೆಯಲ್ಲಿ ಕೂರಿಸುತ್ತದೆ. ಇದಕ್ಕೆ ಉಪಾಯ, ಜಾಸ್ತಿ ಉಪಗ್ರಹ ಕಾಣುವಂತೆ ಮಾಡುವುದು. ಅಮೆರಿಕದ ಜಿಪಿಎಸ್ ಜೊತೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಈ ಉಪಗ್ರಹ ವ್ಯವಸ್ಥೆಗಳಲ್ಲಿ ಒಂದನ್ನಾದರೂ ಹಿಡಿಯುವ ಸಾಧನ ಆರಿಸಿ. ಜಪಾನಿನ ಕ್ಯೂಝಡ್‌ಎಸ್‌ಎಸ್, ಭಾರತದ ನಾವಿಕ್ ಆಯಾ ಪ್ರದೇಶಕ್ಕೆ ನೆರವಾಗುತ್ತವೆ. ವಿವರಗಳ ಪಟ್ಟಿಯಲ್ಲಿ ಬರೀ ಜಿಪಿಎಸ್ ಅಂತ ಒಂದೇ ಹೆಸರಿದ್ದರೆ ಅದು ಹಳೆಯ ಮಾದರಿ ಇರಬಹುದು.

ಹೊಸ ಸಾಧನವನ್ನು ಮೊದಲ ಸಲ ಹಚ್ಚಿದಾಗ ಗಾಬರಿ ಬೀಳಬೇಡಿ. ಒಂದೊಂದು ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ ಹಿಡಿಯುತ್ತದೆ. ತೆರೆದ ಜಾಗದಲ್ಲಿ ಕಾರು ನಿಲ್ಲಿಸಿ, ಕಾಲು ಗಂಟೆ ಸುಮ್ಮನೆ ಬಿಡಿ. ಆಮೇಲೆ ದಿನವೂ ಬೇಗ ಹಿಡಿಯುತ್ತದೆ.

ಕೊಳ್ಳುವ ಮುಂಚೆ ನಿಮ್ಮ ಕಾರಿನ ಮುಂದಿನ ಗಾಜನ್ನೂ ವಿಚಾರಿಸಿ. ಶಾಖ ತಡೆಯಲು ಲೋಹದ ತೆಳು ಪದರ ಹಾಕಿದ ಗಾಜು ಸಂಕೇತವನ್ನೂ ತಡೆಯುತ್ತದೆ. ಅಂಥ ಕೆಲವು ಗಾಜುಗಳಲ್ಲಿ ಕನ್ನಡಿಯ ಹತ್ತಿರ ಪದರವಿಲ್ಲದ ಒಂದು ಕಿಟಕಿ ಬಿಟ್ಟಿರುತ್ತಾರೆ. ಸಾಧನವನ್ನು ಅಲ್ಲಿ ಕೂರಿಸಬೇಕಾಗುತ್ತದೆ.

ಸುರಂಗದೊಳಗೆ ಯಾವ ಉಪಗ್ರಹವೂ ಕಾಣುವುದಿಲ್ಲ. ಕಾರಿನಲ್ಲೇ ಕೂರಿಸಿ ಬರುವ ನ್ಯಾವಿಗೇಟರ್ ಚಕ್ರ ಎಷ್ಟು ಸುತ್ತಿತು ಅಂತ ನೋಡಿ ಅಂದಾಜು ಮಾಡುತ್ತದೆ. ಕೈಯಲ್ಲಿ ಹಿಡಿದು ತರುವ ಸಾಧನಕ್ಕೆ ಆ ಅನುಕೂಲ ಇಲ್ಲ. ಸುರಂಗದೊಳಗೇ ಕವಲೊಡೆಯುವ ರಸ್ತೆಗಳಲ್ಲಿ ಬೋರ್ಡ್ ನೋಡಿಕೊಂಡೇ ಹೋಗಬೇಕು.

5. ಬೇಕೆಂದೇ ತಿರುವು ತಪ್ಪಿಸಿ

ಕೊಂಡ ಮೇಲೆ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು ಇದನ್ನು ಮಾಡಲೇಬೇಕು. ನಿಮಗೆ ಚೆನ್ನಾಗಿ ಗೊತ್ತಿರುವ ಪ್ರದೇಶದಲ್ಲಿ, ಗಾಡಿಗಳು ಕಡಿಮೆ ಇರುವ ಹೊತ್ತಿನಲ್ಲಿ, ಒಂದು ಜಾಗಕ್ಕೆ ದಾರಿ ಹಾಕಿ ಹೊರಡಿ. ಎಡಕ್ಕೆ ತಿರುಗಿ ಅಂದಾಗ ನೇರ ಹೋಗಿ. ಈಗ ಗಮನಿಸಿ.

ಹೊಸ ದಾರಿ ಎಷ್ಟು ಹೊತ್ತಿಗೆ ಬಂತು? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಸಾಧನ ಹತ್ತು ಸೆಕೆಂಡ್ ಯೋಚಿಸಿದರೆ ನೀವು 170 ಮೀಟರ್ ಮುಂದೆ ಹೋಗಿರುತ್ತೀರಿ, ಮುಂದಿನ ತಿರುವೂ ಹಿಂದೆ ಬಿದ್ದಿರುತ್ತದೆ. ಮತ್ತೆ ಲೆಕ್ಕ, ಮತ್ತೆ ತಪ್ಪು. ಮೂರ್ನಾಲ್ಕು ಸೆಕೆಂಡಿನಲ್ಲಿ ಹೇಳಿದರೆ ಚೆನ್ನ.

ಅದು ಯಾವ ದಾರಿ ಕೊಟ್ಟಿತು? ಕೆಲವು ಸಾಧನಗಳು ಹಠಮಾರಿ. ಯೂ ಟರ್ನ್ ಮಾಡಿ, ಯೂ ಟರ್ನ್ ಮಾಡಿ ಅಂತ ಬಡಬಡಿಸುತ್ತಲೇ ಇರುತ್ತವೆ. ಒಳ್ಳೆಯದು ಮುಂದಿನ ಬೀದಿಯಿಂದ ಸುತ್ತಿಸಿ ಸೇರಿಸುತ್ತದೆ.

ಆಮೇಲೆ ಇನ್ನೊಂದು ಪರೀಕ್ಷೆ. ಫ್ಲೈಓವರ್ ಮತ್ತು ಅದರ ಪಕ್ಕದ ಸರ್ವೀಸ್ ರಸ್ತೆ ಬೇರೆಯಾಗುವ ಜಾಗಕ್ಕೆ ಹೋಗಿ. ಮೇಲೆ ಹತ್ತಬೇಕಾ, ಕೆಳಗೆ ಹೋಗಬೇಕಾ ಅಂತ ಎಷ್ಟು ಮೊದಲು ಹೇಳಿತು? ಯಾವ ಲೇನ್ ಅಂತ ಬಾಣ ಹಾಕಿ ತೋರಿಸಿತಾ? ಹೆದ್ದಾರಿಯಲ್ಲಿ ಓಡಾಡುವವರಿಗೆ ಈ ಲೇನ್ ತೋರಿಸುವ ಸೌಲಭ್ಯ ಬೇಕೇ ಬೇಕು. ಇದೊಂದು ಇಲ್ಲದ ಸಾಧನವನ್ನು ನಾನು ಯಾರಿಗೂ ಹೇಳುವುದಿಲ್ಲ. ಕೊನೆಯ ಗಳಿಗೆಯಲ್ಲಿ ಲೇನ್ ಬದಲಿಸುವುದಕ್ಕಿಂತ ಅಪಾಯ ರಸ್ತೆಯಲ್ಲಿ ಇನ್ನೇನಿದೆ?

ಕೊಳ್ಳುವ ಮುಂಚೆಯೂ ಸ್ವಲ್ಪ ಮಟ್ಟಿಗೆ ನೋಡಬಹುದು. ಬಹಳ ಸಾಧನಗಳಲ್ಲಿ ಕಾರು ಓಡಿಸದೆಯೇ ದಾರಿಯನ್ನು ಚಲಾಯಿಸಿ ತೋರಿಸುವ ಸಿಮ್ಯುಲೇಶನ್ ಇರುತ್ತದೆ. ಕೇಳಿ, ಹಾಕಿಸಿ ನೋಡಿ.

6. ಸ್ಕ್ರೀನ್ ಮತ್ತು ದನಿ

5 ಇಂಚು ಸಣ್ಣ ಕಾರಿಗೆ ಸಾಕು, 6 ಅಥವಾ 7 ಇಂಚು ಕಣ್ಣಿಗೆ ಸುಲಭ. ಆದರೆ ದೊಡ್ಡದಾದಷ್ಟೂ ಗಾಜಿನ ಮೇಲೆ ಅಷ್ಟು ರಸ್ತೆ ಮುಚ್ಚುತ್ತದೆ. ಒಂದು ರಟ್ಟನ್ನು ಅದೇ ಅಳತೆಗೆ ಕತ್ತರಿಸಿ, ಕೂರಿಸುವ ಜಾಗದಲ್ಲಿ ಅಂಟಿಸಿ, ಸೀಟಿನಲ್ಲಿ ಕೂತು ನೋಡಿ. ಎರಡು ನಿಮಿಷದ ಕೆಲಸ. ಗಾಜಿನ ಮೇಲೆ ಎಲ್ಲಿ ಅಂಟಿಸಬಹುದು ಅನ್ನುವುದಕ್ಕೆ ಹಲವು ಕಡೆ ಕಾನೂನೇ ಇದೆ, ಅದನ್ನೂ ತಿಳಿದುಕೊಳ್ಳಿ.

ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಕಾಣುತ್ತವಾ, ರಾತ್ರಿ ತಾನಾಗಿಯೇ ಕಪ್ಪು ಬಣ್ಣಕ್ಕೆ ತಿರುಗುತ್ತದಾ ನೋಡಿ. ದನಿಯ ವಿಷಯದಲ್ಲಿ ಎರಡು ಬಗೆ. ಮೊದಲೇ ಮುದ್ರಿಸಿದ ದನಿ 'ಬಲಕ್ಕೆ ತಿರುಗಿ' ಅಂತಷ್ಟೇ ಹೇಳುತ್ತದೆ. ಬರಹ ಓದುವ ದನಿ ರಸ್ತೆಯ ಹೆಸರನ್ನೂ ಹೇಳುತ್ತದೆ. ಎರಡನೆಯದೇ ಇರಲಿ, ಸ್ಕ್ರೀನ್ ಕಡೆ ತಿರುಗುವುದೇ ತಪ್ಪುತ್ತದೆ. ಕಿಟಕಿ ಇಳಿಸಿ, ಫ್ಯಾನ್ ಹಾಕಿ ಕೇಳಿಸುತ್ತದಾ ಅಂತ ಪರೀಕ್ಷೆ ಮಾಡಿ.

7. ಕೂರಿಸುವ ಸ್ಟ್ಯಾಂಡ್, ಕರೆಂಟು

ಒಂದು ಬೇಸಿಗೆಯಲ್ಲಿ ನನ್ನ ಕಾರಿನ ಸ್ಟ್ಯಾಂಡ್ ಗಾಜಿನಿಂದ ಕಳಚಿತು. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತಿದ್ದ ಕಾರು. ರಬ್ಬರ್ ಬಟ್ಟಲಿನ ಅಂಚು ಮೆತ್ತಗಾಗಿ ಒಳಗೆ ಗಾಳಿ ಸೇರಿತ್ತು. ಹೊರಟ ಹತ್ತು ನಿಮಿಷಕ್ಕೆ, ಸರಿಯಾಗಿ ತಿರುವಿನಲ್ಲಿ, ಸಾಧನ ಬಿದ್ದು ಉರುಳಿ ಬ್ರೇಕಿನ ಹತ್ತಿರ ಹೋಗಿ ನಿಂತಿತು. ಕಾಲಿಗೆ ತಾಗಿದ ಆ ಗಟ್ಟಿ ವಸ್ತು ಏನು ಅಂತ ತಿಳಿಯುವಷ್ಟರಲ್ಲಿ ಮೈ ಬೆವರಿತ್ತು. ಅಲ್ಲಿಂದ ಈಚೆಗೆ ಗಾಜನ್ನೂ ರಬ್ಬರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಅಂಟಿಸುತ್ತೇನೆ. ವಾರಕ್ಕೊಮ್ಮೆ ತೆಗೆದು ಮತ್ತೆ ಒತ್ತುತ್ತೇನೆ. ಬಿಸಿ ಜಾಸ್ತಿ ಇರುವ ಕಡೆ ಡ್ಯಾಶ್‌ಬೋರ್ಡಿನ ಮೇಲೆ ಕೂರುವ, ತೂಕದ ಚೀಲದಂಥ ಸ್ಟ್ಯಾಂಡ್ ಒಳ್ಳೆಯದು. ಎಲ್ಲಿ ಕೂರಿಸಿದರೂ ಏರ್‌ಬ್ಯಾಗ್ ಬಿಚ್ಚುವ ಜಾಗದಲ್ಲಿ ಮಾತ್ರ ಬೇಡ.

ಒಳಗಿನ ಬ್ಯಾಟರಿ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು ಬರುತ್ತದೆ. ಕಾರಿನ ಚಾರ್ಜರ್ ಹಾಕಿಯೇ ಓಡಿಸಬೇಕು. ಜೊತೆಗೆ ಬಂದ ಕೇಬಲ್ಲನ್ನೇ ಬಳಸಿ. ಕೆಲವು ಮಾದರಿಗಳಲ್ಲಿ ಟ್ರಾಫಿಕ್ ಮಾಹಿತಿ ಹಿಡಿಯುವ ಆಂಟೆನಾ ಆ ಕೇಬಲ್ಲಿನೊಳಗೇ ಇರುತ್ತದೆ. ಕಳಪೆ ಚಾರ್ಜರ್ ಅಥವಾ ಪಕ್ಕದಲ್ಲೇ ಕೂತ ಡ್ಯಾಶ್‌ಕ್ಯಾಮ್ ಹೊರಡಿಸುವ ಗದ್ದಲದಿಂದ ಉಪಗ್ರಹದ ಸಂಕೇತವೇ ಮುಳುಗಿಹೋಗುವುದುಂಟು. ಸಿಗ್ನಲ್ ಬರುತ್ತಿಲ್ಲ ಅಂದರೆ ಮೊದಲು ಅವನ್ನು ಕಿತ್ತು ನೋಡಿ.

8. ಉಳಿದ ಸೌಲಭ್ಯಗಳು

ಬ್ಲೂಟೂತ್ ಕರೆ, ಹೋಟೆಲ್ ಪಟ್ಟಿ, ದನಿಯಲ್ಲಿ ಆಜ್ಞೆ ಇವೆಲ್ಲ ಇದ್ದರೆ ಇರಲಿ. ಇವುಗಳಿಗಾಗಿ ದುಬಾರಿ ಮಾದರಿಗೆ ಹೋಗಬೇಡಿ. ಫೋನಿನ ಮೂಲಕ ಟ್ರಾಫಿಕ್ ಮಾಹಿತಿ ತರಿಸಿಕೊಳ್ಳುವ ಸೌಲಭ್ಯ ಮಾತ್ರ ಉಪಯೋಗಕ್ಕೆ ಬರುತ್ತದೆ.

ವೇಗದ ಕ್ಯಾಮೆರಾ ಎಚ್ಚರಿಕೆ ಎಲ್ಲ ಕಡೆ ಕಾನೂನುಬದ್ಧವಲ್ಲ. ಸ್ವಿಟ್ಜರ್ಲೆಂಡಿನಲ್ಲಿ ನಿಷೇಧ ಇದೆ, ಜರ್ಮನಿಯಲ್ಲಿ ಗಾಡಿ ಓಡಿಸುವಾಗ ಬಳಸುವಂತಿಲ್ಲ. ಗಡಿ ದಾಟುವ ಮುಂಚೆ ಅದನ್ನು ಆಫ್ ಮಾಡಿ.

ಸಾಧನ ತೋರಿಸುವ ವೇಗ ಕಾರಿನ ಮುಳ್ಳಿಗಿಂತ ಸ್ವಲ್ಪ ಕಡಿಮೆ ಇದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದಂತೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಅದಕ್ಕೇ ಕಂಪನಿಗಳು ಸ್ವಲ್ಪ ಜಾಸ್ತಿಯೇ ತೋರಿಸುವಂತೆ ಇಟ್ಟಿರುತ್ತವೆ.

9. ಬಳಸಿದ ಸಾಧನ ಕೊಳ್ಳುವುದಾದರೆ

ಮೊದಲು ಕಂಪನಿಯ ಅಪ್‌ಡೇಟ್ ಆ ಮಾದರಿಗೆ ಇನ್ನೂ ಬರುತ್ತಿದೆಯಾ ಅಂತ ನೋಡಿ. ಆಮೇಲೆ ತಾರೀಖು ನೋಡಿ. ಜಿಪಿಎಸ್ ವಾರಗಳನ್ನು ಎಣಿಸುವ ಲೆಕ್ಕ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗೆ ಮರಳಿತು. ಸಾಫ್ಟ್‌ವೇರ್ ಬದಲಾಗದ ಹಳೆಯ ಸಾಧನಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತವೆ, ತಲುಪುವ ಸಮಯವೂ ಕೆಡಬಹುದು. ಬಯಲಿಗೆ ತಂದು ಉಪಗ್ರಹ ಹಿಡಿಯುವವರೆಗೆ ಕಾಯಿರಿ, ತಾರೀಖು ಸರಿ ಇದ್ದರೆ ಮಾತ್ರ ಮುಂದಿನ ಮಾತು. ಚಾರ್ಜಿಂಗ್ ತೂತು ಸಡಿಲ ಆಗಿದೆಯಾ ಅಂತ ಕೇಬಲ್ ಅಲ್ಲಾಡಿಸಿ ನೋಡಿ. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಿದ್ದರೆ ಮುಟ್ಟಲೇಬೇಡಿ.

10. ಮನೆಗೆ ತಂದ ಮೇಲೆ

ಮೊದಲು ಮ್ಯಾಪ್ ಅಪ್‌ಡೇಟ್ ಮಾಡಿ. ಡಬ್ಬಿಯಲ್ಲಿ ಎಷ್ಟು ತಿಂಗಳು ಕೂತಿತ್ತೋ ಗೊತ್ತಿರುವುದಿಲ್ಲ. ಸೆಟ್ಟಿಂಗಿನಲ್ಲಿ ಮಣ್ಣಿನ ರಸ್ತೆ, ಟೋಲ್, ದೋಣಿ ದಾಟುವ ದಾರಿಗಳನ್ನು ಬಿಡಬೇಕಾ ಅಂತ ಆರಿಸಿ. 'ಅತಿ ಕಡಿಮೆ ದೂರ' ಅನ್ನುವುದನ್ನು ತೆಗೆದು 'ಬೇಗ ತಲುಪುವ ದಾರಿ' ಇಡಿ. ಕಡಿಮೆ ದೂರ ಅಂದರೆ ಅದು ಹೊಲದ ಬದಿಯ ಓಣಿಗೂ ನುಗ್ಗಿಸುತ್ತದೆ.

'ಮನೆ' ಅಂತ ಗುರುತು ಹಾಕುವಾಗ ನಿಮ್ಮ ಬಾಗಿಲನ್ನೇ ಗುರುತಿಸಬೇಡಿ. ಹತ್ತಿರದ ವೃತ್ತವನ್ನೋ ಪೆಟ್ರೋಲ್ ಬಂಕನ್ನೋ ಹಾಕಿ. ಕಾರಿನಿಂದ ಸಾಧನ ಕದ್ದವರಿಗೆ ನಿಮ್ಮ ಮನೆ ಎಲ್ಲಿದೆ, ನೀವೀಗ ಮನೆಯಲ್ಲಿಲ್ಲ ಅನ್ನುವ ಎರಡೂ ಸುದ್ದಿ ಒಟ್ಟಿಗೆ ಸಿಗಬಾರದು. ಪಿನ್ ಹಾಕುವ ಸೌಲಭ್ಯ ಇದ್ದರೆ ಹಾಕಿ. ಕಾರು ನಿಲ್ಲಿಸಿ ಹೋಗುವಾಗ ಸಾಧನದ ಜೊತೆ ಸ್ಟ್ಯಾಂಡನ್ನೂ ತೆಗೆದಿಡಿ, ಗಾಜಿನ ಮೇಲಿನ ದುಂಡನೆಯ ಗುರುತನ್ನೂ ಒರೆಸಿ. ಆ ಗುರುತು ನೋಡಿಯೇ ಕಿಟಕಿ ಒಡೆಯುವವರಿದ್ದಾರೆ. ಮುಂದೆ ಯಾವತ್ತಾದರೂ ಅದನ್ನು ಮಾರುವಾಗ ಅಥವಾ ಬೇರೆಯವರಿಗೆ ಕೊಡುವಾಗ, ಉಳಿಸಿಟ್ಟ ವಿಳಾಸ ಮತ್ತು ಓಡಾಡಿದ ದಾರಿಗಳನ್ನೆಲ್ಲ ಅಳಿಸಿ, ಹೊಸದಾಗಿ ತಂದಾಗ ಇದ್ದ ಸ್ಥಿತಿಗೆ ತಂದು ಕೊಡಿ.